ಹನುಮಕ್ಕನ ಹಸಿರು ಸೀರೆ

ಆಗೆಲ್ಲ ನಮಗೆ ಬೇಸಿಗೆ ರಜೆಯೆಂದರೆ ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಅತ್ತೆ ಮನೆ, ಸಂಜೆಯ ಮಂಡಕ್ಕಿ-ಮೆಣಸಿನಕಾಯಿ, ಕೈತುಂಬ ಬಣ್ಣ. ಅತ್ತೆ ಡ್ರಾಯಿಂಗ್ ಟೀಚರ್. ಅವರ ಹತ್ತಿರ ಒಂದು ದಪ್ಪ ಪುಸ್ತಕವಿತ್ತು. ಬ್ರಿಟಿಷರ ಕಾಲದಲ್ಲಿ ನಮ್ಮ ಚಿತ್ರಗಾರರು ದೊರೆಗಳ ಮನೆಯಾಳುಗಳನ್ನು ಜಲವರ್ಣದಲ್ಲಿ ಬರೆದ ಚಿತ್ರಗಳೆಲ್ಲ ಅದರಲ್ಲಿದ್ದವು. ನೀರು ಹೊರುವವ, ಅಡುಗೆಯವ, ಮಗು ಆಡಿಸುವ ಆಯಾ. ಮುಂಡಾಸಿನ ಒಂದೊಂದು ಸುತ್ತು, ತೆಳು ಪಂಚೆಯೊಳಗಿಂದ ಕಾಣುವ ಮೊಣಕಾಲು, ಎಷ್ಟು ಚಂದ! "ಇವರ ಮುಂದೆ ನಾವೆಲ್ಲ ಗೋಡೆಗೆ ಸುಣ್ಣ ಬಳಿಯೋರು" ಅನ್ನುತ್ತಿದ್ದರು ಅತ್ತೆ.

ಒಂದು ರಜೆಯಲ್ಲಿ ಅವರಿಗೂ ಅಂಥದ್ದೊಂದು ಬರೆಯುವ ಹುಚ್ಚು ಹಿಡಿಯಿತು. ಆವರಗೆರೆಯಿಂದ ಮನೆಗೆಲಸಕ್ಕೆ ಬರುತ್ತಿದ್ದ ಹನುಮಕ್ಕನನ್ನು ಹಿತ್ತಲಲ್ಲಿ ನಿಲ್ಲಿಸಿದರು. ಎತ್ತಿ ಕಟ್ಟಿದ ಸೀರೆ, ಸೊಂಟಕ್ಕೆ ಸಿಗಿಸಿದ ಸೆರಗು, ಕೈಯಲ್ಲಿ ಕಸಬರಿಗೆ. ಒಂದು ನಿರಿಗೆಯೂ ತಪ್ಪಲಿಲ್ಲ. ಮುಖ ನಾಳೆಗಿರಲಿ ಎಂದು ಬಿಟ್ಟರು.

ಹನುಮಕ್ಕ ಬಗ್ಗಿ ನೋಡಿದಳು. "ಅಕ್ಕಾರೆ, ಇದನ್ನ ನಂಗೆ ಕೊಡ್ತೀರೇನ್ರಿ?"

"ನಿಂಗ್ಯಾಕ?"

"ಮಗಳನ್ನ ಗುತ್ತೂರಿಗೆ ಕೊಟ್ಟೀನಲ್ರಿ. ಆ ಮನೆ ಗ್ವಾಡೆ ತುಂಬ ಅವರ ಕಡೇರ ಫೋಟೊನೇ. ನಮ್ಮೋರ್ದು ಒಂದೂ ಇಲ್ಲ." ಚಿತ್ರದ ಕಡೆ ಬೆರಳು ತೋರಿಸಿ ಅಂದಳು, "ಆದ್ರೆ ಕಸಬರಿಗೆ ಬ್ಯಾಡ್ರಿ. ಬೀಗರ ಮನ್ಯಾಗೂ ನಾ ಕಸ ಹೊಡ್ಕಂತ ನಿಲ್ಲಲೇನು?"

ಅತ್ತೆಯ ಮುಖ ಚಿಕ್ಕದಾಯಿತು. "ನಾಳೆ ನಿಂಗೆ ಬೇಕಾದಂಗೆ ಬಾ" ಎಂದರು.

ಮರುದಿನ ಬಂದವಳನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಹಸಿರು ಇಳಕಲ್ ಸೀರೆ, ತಲೆ ಮೇಲೆ ಸೆರಗು, ಕೊಬ್ಬರಿ ಎಣ್ಣೆಯ ಘಮ. ಅತ್ತೆ ಹೊಸ ಹಾಳೆ ತೆಗೆದು, ಕುರ್ಚಿ ತಂದು ಹಾಕಿದರು.

"ಪುಸ್ತಕದಾಗೆ ಆಳುಗಳು ಯಾರೂ ಕೂತಿಲ್ಲ ಅತ್ತೆ" ಎಂದೆ.

"ಇವತ್ತು ಇವರು ಆಳಲ್ಲಲೇ, ಬೀಗಿತಿ. ಕೂಡ್ರಿ ಹನುಮಕ್ಕ."

ಕೂತಳು. ಕುಕ್ಕರ್ ಕೂಗಿದಾಗಲೆಲ್ಲ ಏಳಹೋಗುವಳು, ಅತ್ತೆ ಗದರುವರು. ಚಿತ್ರ ಮುಗಿದಾಗ ಬಹಳ ಹೊತ್ತು ನೋಡಿ, "ನಮ್ಮವ್ವ ಕುಂತಂಗೆ ಐತ್ರಿ" ಎಂದಳು. ಟವೆಲಿನಲ್ಲಿ ಸುತ್ತಿಕೊಂಡು, ಗುತ್ತೂರಿಗೆ ಹೋಗಲು ಹರಿಹರದ ಬಸ್ಸು ಹತ್ತಿದಳು.

ಈಗ ಅಂಥ ಹಳೆಯ ಚಿತ್ರಗಳು ಮೊಬೈಲಿನಲ್ಲೇ ಸಿಗುತ್ತವೆ. ಆ ಕೈಚಳಕಕ್ಕೆ ಇಂದಿಗೂ ತಲೆದೂಗುತ್ತೇನೆ. ಅತ್ತೆ ಇಲ್ಲ, ಹನುಮಕ್ಕನೂ ಇಲ್ಲ. ಅರ್ಧ ಬರೆದ ಆ ಮೊದಲ ಹಾಳೆ ನನ್ನ ಪಾಲಿಗೆ ಬಂದಿದೆ. ಮುಖ ತುಂಬಿಸೋಣವೆಂದು ಕುಂಚ ಹಿಡಿದರೆ ನಿರಿಗೆ ನೆನಪಾಗುತ್ತದೆ, ಮುಖ ನೆನಪಾಗುವುದಿಲ್ಲ. ಗುತ್ತೂರಿಗೆ ಹೋಗಿ ನೋಡಿ ಬರೋಣವೆಂದರೆ ಆ ಮಗಳ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಹನುಮಕ್ಕ ಅಲ್ಲೆಲ್ಲೋ ಬೀಗರ ಗೋಡೆಯ ಮೇಲೆ ಕುರ್ಚಿಯಲ್ಲಿ ಕೂತಿರಬೇಕು. ನಮ್ಮ ಮನೆಗೆ ಉಳಿದದ್ದು ಅವಳ ಕಸಬರಿಗೆ.