ದೂರ ಹೊಂಟೀರಿ?

ದೆವ್ವ, ಭೂತ, ಅಶರೀರವಾಣಿ ಎಂಬ ಮಾತು ಬಂದರೆ ಎದ್ದು ಹೋಗುವ ಪೈಕಿ ನಾನು. ಏಳುವುದಕ್ಕಿಂತ ಮೊದಲು ಹೇಳಿದವರನ್ನು ನಾಲ್ಕು ಪ್ರಶ್ನೆ ಕೇಳಿ ಅವರ ಮುಖ ಸಣ್ಣದು ಮಾಡುವ ಚಟವೂ ಇತ್ತು. ಬೈಲಹೊಂಗಲದ ಕಾಲೇಜೊಂದರಲ್ಲಿ ಇತಿಹಾಸ ಕಲಿಸುತ್ತಿದ್ದೆ. ಪ್ರತಿ ವರ್ಷ ಹುಡುಗರನ್ನು ಕಿತ್ತೂರಿನ ಕೋಟೆ ತೋರಿಸಲು ಕರೆದುಕೊಂಡು ಹೋದಾಗ ಒಬ್ಬನಾದರೂ, "ಸರ್, ಇಲ್ಲೆ ಮುಸ್ಸಂಜಿಗೆ ಕುದರಿ ಸಪ್ಪಳಾ ಕೇಳಸ್ತೈತಂತ್ರಿ" ಎನ್ನುತ್ತಿದ್ದ. ನೀನು ಕೇಳೀಯೇನು ಎಂದರೆ, "ಇಲ್ರಿ, ನಮ್ಮ ಕಾಕಾ ಕೇಳ್ಯಾನ್ರಿ." ಕೇಳಿದವನು ಯಾವಾಗಲೂ ಕಾಕಾನೇ. ಆ ಕಾಕಾ ಯಾವಾಗಲೂ ಬೇರೆ ಊರಲ್ಲಿರುತ್ತಿದ್ದ. ಈಗ ಅದೇ ಕಾಕಾನ ಜಾಗದಲ್ಲಿ ಕೂತು ನಾನು ಬರೆಯುತ್ತಿದ್ದೇನೆ. ನೀವು ನಕ್ಕರೆ ನನ್ನದೇನೂ ತಕರಾರಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಅಕ್ಕ ಇಂಗ್ಲೆಂಡಿನಲ್ಲಿದ್ದಳು. ಭಾವ ಅಲ್ಲಿ ಡಾಕ್ಟರು. ಬೇಸಿಗೆ ಸೂಟಿಯಲ್ಲಿ ನನ್ನನ್ನೂ ಅವ್ವನನ್ನೂ ಕರೆಸಿಕೊಂಡರು. ಸವದತ್ತಿಯ ನಮ್ಮ ಬಂಧುಗಳು, ವೇದ ಓದಿದ ಮನೆಯ ಹೆಂಗಸು ಸಮುದ್ರ ದಾಟುವುದೆಂದರೇನು ಎಂದು ಒಂದಿಷ್ಟು ಗೊಣಗಿದರು. ಅವ್ವ, "ಮಗಳ ಮನಿಗೆ ಹೋಗಲಿಕ್ಕೆ ಸಮುದ್ರೇನು, ಮಲಪ್ರಭಾ ಏನು" ಎಂದು ಹೊರಟೇಬಿಟ್ಟಳು. ಹೋದ ಮೇಲೆ ಭಾವನಿಗೆ ಹುರುಪು ಬಂದು ಇಟಲಿಯ ಕಡೆ ಹೋಗುವ ಒಂದು ವಿಹಾರದ ಹಡಗಿಗೆ ನಾಲ್ವರದೂ ಟಿಕೀಟು ತೆಗೆಸಿದರು. ಹಡಗು ಒಂದೊಂದು ಬಂದರಿನಲ್ಲಿ ಬೆಳಗ್ಗೆ ನಿಲ್ಲುತ್ತಿತ್ತು. ಇಳಿದವರನ್ನು ಬಸ್ಸಿನಲ್ಲಿ ಹಳೆಯ ಊರುಗಳಿಗೆ ಕರೆದುಕೊಂಡು ಹೋಗಿ, ತೋರಿಸಿ, ಹೊತ್ತು ಮುಳುಗುವುದರೊಳಗೆ ವಾಪಸು ತರುತ್ತಿದ್ದರು. ಪುಸ್ತಕದಲ್ಲಿ ಓದಿ ಓದಿ ಕಲಿಸುತ್ತಿದ್ದ ಊರುಗಳನ್ನು ಕಣ್ಣಾರೆ ನೋಡುವ ಯೋಗ ನನಗೆ. ಕುಣಿಯುವುದೊಂದು ಬಾಕಿ.

ಲಿವೋರ್ನೊ ಎಂಬ ಬಂದರು ಬಂದ ದಿನ ಅಕ್ಕನಿಗೆ ಜ್ವರ. ಭಾವ ಅವಳ ಹತ್ತಿರ ಉಳಿದರು. ನಾನೂ ಅವ್ವನೂ ಹೊರಟೆವು. ಏಕಾದಶಿ ಬೇರೆ. ಅವ್ವ ಬೆಳಗ್ಗೆ ಒಂದು ಲೋಟ ಹಾಲು ಕುಡಿದದ್ದೇ ಬಂತು, ಇನ್ನು ದಿನವಿಡೀ ಏನೂ ಇಲ್ಲ. ಹೊರಗಿನ ನೀರಂತೂ ಮುಟ್ಟುತ್ತಿರಲಿಲ್ಲ.

ಹಡಗಿನಿಂದ ಇಳಿಯುವ ಏಣಿಯ ಬಾಯಲ್ಲೇ ಮೊದಲ ವಿಘ್ನ. ಅಲ್ಲಿ ನಿಂತಿದ್ದ ಅಧಿಕಾರಿ ಯಾವ ಬಸ್ಸಿಗೆಂದು ತಿಳಿಯಲು, ಎಲ್ಲಿಗೆ ಹೊರಟಿರಿ ಎಂದು ಕೇಳಿದ. ಕೈಯಾಡಿಸಿ ಕೇಳಿದ್ದರಿಂದ ಅವ್ವನಿಗೂ ತಿಳಿಯಿತು. ನಮ್ಮ ಕಡೆ ಮನೆಯಿಂದ ಹೊರಬಿದ್ದವರನ್ನು 'ಎಲ್ಲಿಗೆ' ಎಂದು ಕೇಳುವಂತಿಲ್ಲ. ಹಾಗೆ ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಲೆಕ್ಕ. ಕೇಳಲೇಬೇಕಾದರೆ 'ದೂರ ಹೊಂಟೀರಿ?' ಎನ್ನಬೇಕು. ಹತ್ತಿರವೇ ಹೋಗುವವನನ್ನೂ ಹಾಗೇ ಕೇಳುತ್ತಾರೆ. ಅವ್ವ ಅಲ್ಲಿಂದಲೇ ತಿರುಗಿ, ಕೋಣೆಗೆ ಹೋಗಿ, ಮಂಚದ ಮೇಲೆ ಸ್ವಲ್ಪ ಹೊತ್ತು ಕೂತು ಮತ್ತೆ ಬಂದಳು. ನಮ್ಮ ಹಿಂದಿನವರೆಲ್ಲ ಕಾಯುತ್ತ ನಿಂತಿದ್ದರು. ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಅನ್ನಿಸಿತು. ಕೆಳಗೆ ನೆಲವೂ ಇರಲಿಲ್ಲ, ನೀರಿತ್ತು.

ಬಸ್ಸಿನಲ್ಲಿ ಹಳದಿ ಕೊಡೆ ಹಿಡಿದ ಗೈಡ್ ಹುಡುಗಿ ಇಂಗ್ಲಿಷಿನಲ್ಲಿ ಒಂದೇ ಮಾತನ್ನು ತಿರುಗಿ ತಿರುಗಿ ಹೇಳಿದಳು. ಕೊಡೆಯ ಹಿಂದೆಯೇ ಬರಬೇಕು, ಹಡಗು ಯಾರಿಗೂ ಕಾಯುವುದಿಲ್ಲ. ನಮ್ಮ ಪಾಸ್‌ಪೋರ್ಟುಗಳು ಹಡಗಿನವರ ಕಪಾಟಿನಲ್ಲಿದ್ದವು.

ಪೀಸಾದಲ್ಲಿ ವಾಲಿದ ಗೋಪುರ ನೋಡಿದೆವು. ಅವ್ವ ಅದು ವಾಲಿದ ಮಗ್ಗುಲಿಗೆ ಕಾಲಿಡಲೇ ಇಲ್ಲ. "ಇಷ್ಟು ದಿನಾ ಬಿದ್ದಿಲ್ಲ ಅಂದ್ರ ಇವತ್ತ ಬೀಳೂದಿಲ್ಲ ಅಂತ ಯಾರು ಬರಕೊಟ್ಟಾರ" ಎಂದಳು. ಪಕ್ಕದ ಚರ್ಚಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ದೇವರ ಮನೆ ಯಾರದಾದರೇನು, ಚಪ್ಪಲಿ ಹೊರಗೇ. ನಾನು ಬೂಟು ಬಿಡಲಿಲ್ಲ, ಅವಳು ನನ್ನನ್ನು ಬಯ್ಯಲೂ ಇಲ್ಲ. ಹೋದ ಬಾಗಿಲಿನಿಂದಲೇ ಹೊರಬಂದದ್ದರಿಂದ ಅಲ್ಲಿ ಏನೂ ತೊಂದರೆಯಾಗಲಿಲ್ಲ.

ತೊಂದರೆಯಾದದ್ದು ಫ್ಲಾರೆನ್ಸಿನಲ್ಲಿ. ಅಲ್ಲಿಯ ದೊಡ್ಡ ಚರ್ಚಿಗೂ ಅವ್ವ ಚಪ್ಪಲಿ ಬಿಟ್ಟು ಬಂದಳು. ಒಳಗೆ ಗುಮ್ಮಟದ ಕೆಳಗೆ ನಿಂತು ನಾನು ಕತ್ತೆತ್ತಿದವನು ಎಷ್ಟು ಹೊತ್ತು ಹಾಗೇ ನಿಂತೆನೋ. ಹಳದಿ ಕೊಡೆ ಅಲುಗಾಡಿತು, ಹಿಂದೆಯೇ ನಡೆದೆ. ಕೊಡೆ ನಮ್ಮನ್ನು ಪಕ್ಕದ ಬಾಗಿಲಿನಿಂದ ಹೊರಗೆ ಕರೆದುಕೊಂಡು ಬಂತು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಹಿಂದೆ ನೋಡಿದರೆ ಅವ್ವ ಇರಲಿಲ್ಲ.

ಮೊದಲು ನನಗೆ ಗಾಬರಿಯಾಗಲಿಲ್ಲ. ಚಪ್ಪಲಿಗೆ ಹೋಗಿದ್ದಾಳೆ, ಮುಂಬಾಗಿಲಲ್ಲಿ ಸಿಗುತ್ತಾಳೆ ಅಂದುಕೊಂಡೆ. ಸುತ್ತು ಹಾಕಿ ಮುಂಬಾಗಿಲಿಗೆ ಬಂದೆ. ಚಪ್ಪಲಿ ಗೋಡೆಯ ಬದಿಗೆ, ಅವಳು ಬಿಟ್ಟಂತೆಯೇ ಜೋಡಿಯಾಗಿ ಇದ್ದವು. ಅವ್ವ ಇರಲಿಲ್ಲ. ಗಾಬರಿಯಾದದ್ದು ಆಗ. ಚಪ್ಪಲಿಗೆಂದು ಹೊರಟವಳು ಚಪ್ಪಲಿಯ ಹತ್ತಿರ ಬಂದೇ ಇಲ್ಲವೆಂದರೆ, ಎಲ್ಲಿ ಹೋದಳು?

ಒಳಗೆ ಹೋಗಿ ಕಂಬ ಕಂಬದ ಹಿಂದೆ ನೋಡಿದೆ. ಗೈಡ್ ಹುಡುಗಿ ಮಣಿಕಟ್ಟಿನ ಗಡಿಯಾರ ತೋರಿಸಿ, ಬಸ್ಸು ಬಿಡುವ ಹೊತ್ತಿಗೆ ಬಾರದಿದ್ದರೆ ಪೊಲೀಸರಿಗೆ ಹೇಳಿ ಹೋಗುವುದೊಂದೇ ದಾರಿ ಎಂದಳು. ಅವಳನ್ನೇನು ಅನ್ನುವುದು, ಬಸ್ಸಿನಲ್ಲಿ ಉಳಿದವರಿಗೂ ಹಡಗು ಹಿಡಿಯಬೇಕಲ್ಲ. ಅವ್ವನ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಓಡಲು ಶುರುಮಾಡಿದೆ. ಕಂಡಕಂಡವರಿಗೆ ಸೀರೆಯ ಸೆರಗು, ಹಣೆ, ಎತ್ತರ ಎಲ್ಲವನ್ನೂ ಕೈಸನ್ನೆಯಲ್ಲಿ ತೋರಿಸಿದೆ. ಅವರು ನನ್ನ ಕೈಯಲ್ಲಿನ ಚಪ್ಪಲಿ ನೋಡಿ ದೂರ ಸರಿದರು. ಒಂಬತ್ತು ಗಜದ ಇಳಕಲ್ ಸೀರೆಯುಟ್ಟ ಹೆಂಗಸು ಆ ಊರಲ್ಲಿ ಮರೆಯಾಗುವುದಾದರೂ ಹೇಗೆ? ಆದರೂ ಆಗಿದ್ದಳು. ಚಚಡಿಯಲ್ಲಿ ಹುಟ್ಟಿ, ಸವದತ್ತಿಗೆ ಸೊಸೆಯಾಗಿ ಹೋಗಿ, ಮಗನ ನೌಕರಿಗಾಗಿ ಬೈಲಹೊಂಗಲಕ್ಕೆ ಬಂದವಳು. ಕನ್ನಡ ಬಿಟ್ಟರೆ ಮುರುಕು ಮರಾಠಿ. ಉಪವಾಸದ ಹೊಟ್ಟೆ, ಬರಿಗಾಲು, ಕಾದ ಕಲ್ಲುಹಾಸು. ಎಲ್ಲಾದರೂ ತಲೆ ತಿರುಗಿ ಬಿದ್ದರೆ ಎತ್ತಿದವರಿಗೆ ಇವಳು ಯಾರೆಂದು ಹೇಗೆ ತಿಳಿಯಬೇಕು? ನಾನು ಹಡಗಿಗೆ ಹೋಗಿ ಅಕ್ಕನಿಗೆ ಏನು ಹೇಳಲಿ? ಓಡುತ್ತ ಅಳುತ್ತಿದ್ದೆ. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ದಾರಿ ತಪ್ಪಿತು. ಎತ್ತರದ ಗೋಡೆಗಳ ನಡುವಿನ ಇಕ್ಕಟ್ಟಾದ ಓಣಿಗಳು, ಎಲ್ಲ ಒಂದೇ ತರಹ. ಬಿಸಿಲಿಗೆ ಕಿಟಕಿ ಬಾಗಿಲು ಮುಚ್ಚಿಕೊಂಡು ಜನ ಮಲಗಿದ್ದರು. ನನ್ನ ಬೂಟಿನ ಸಪ್ಪಳ ಬಿಟ್ಟು ಬೇರೆ ಸಪ್ಪಳವಿಲ್ಲ. ಒಂದು ಕೂಡುದಾರಿಯಲ್ಲಿ ಎಡಕ್ಕೋ ಬಲಕ್ಕೋ ತಿಳಿಯದೆ ತಡವರಿಸಿದೆ. ಮೂಲೆಯ ಮನೆಯ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಮುದುಕನೊಬ್ಬ ತಲೆತಗ್ಗಿಸಿ ಏನೋ ಹೆಣೆಯುತ್ತ ಕೂತಿದ್ದ. ನಾನು ಅವನ ಕಡೆ ಸರಿಯಾಗಿ ನೋಡಲೂ ಇಲ್ಲ. ದಾಟಿ ಹೋಗುತ್ತಿದ್ದಂತೆ ಬೆನ್ನ ಹಿಂದಿನಿಂದ ಮಾತು ಬಂತು.

"ದೂರ ಹೊಂಟೀರಿ?"

"ದೂರೇನಿಲ್ರಿ, ನಮ್ಮವ್ವನ್ನ ಹುಡಕ್ಲಿಕ್ಕೆ ಹೊಂಟೇನಿ" ಎಂದೆ.

"ಎಡಕ್ಕ ಹೊಳ್ರಿ. ಒಳಗ ಬಾವಿ ಐತಿ. ಕಟ್ಟಿ ಮ್ಯಾಲ ಕುಂತಾರ. ಸಾವಕಾಶ ಹೋಗ್ರಿ."

ಎಡಕ್ಕೆ ಹೊರಳಿದೆ. ನಮ್ಮೂರ ಅಗಸಿ ಬಾಗಿಲಲ್ಲಿ ಯಾರೋ ಹೇಳಿದರೆ ಹೇಗೆ ಹೊರಳುತ್ತೇವೋ ಹಾಗೆ. ಒಂದು ದೊಡ್ಡ ಕಮಾನು, ಅದರ ಒಳಗೆ ಅಂಗಳ. ಅಂಗಳದ ನಡುವೆ ಕಲ್ಲಿನ ಬಾವಿ. ಬಾವಿಯ ಕಟ್ಟೆಯ ಮೇಲೆ ಅವ್ವ ಸೆರಗು ಹೊದ್ದು, ಕಾಲು ಇಳಿಬಿಟ್ಟು ಕೂತಿದ್ದಳು. ಅವಳನ್ನು ಕಂಡ ಕ್ಷಣದಲ್ಲೇ ನನಗೆ ಹೊಳೆದದ್ದು: ಆತ ಕನ್ನಡದಲ್ಲಿ ಮಾತಾಡಿದ್ದ. ಮೈಯೆಲ್ಲ ಮುಳ್ಳು ಎದ್ದವು. ಕಮಾನಿನ ಕೆಳಗೇ ನಿಂತುಬಿಟ್ಟೆ.

ಅವಳೇ ಇಳಿದು ಬಂದಳು. "ಯಾಕಪಾ, ಇಷ್ಟ್ಯಾಕ ಬೆವರೀದಿ? ಚಪ್ಪಲಿ ತಂದಿ?" ಎಂದು ನನ್ನ ಕೈಯಿಂದ ಚಪ್ಪಲಿ ತೆಗೆದುಕೊಂಡು ಮೆಟ್ಟಿದಳು. ನಾನಿನ್ನೂ ಬಾಯಿ ಬಿಟ್ಟಿರಲಿಲ್ಲ. ಅವಳೇ ಹೇಳಿದಳು. ಚಪ್ಪಲಿಗೆಂದು ಯಾವುದೋ ಬಾಗಿಲಿನಿಂದ ಹೊರಬಿದ್ದು, ದಾರಿ ತಪ್ಪಿ ಅಲೆದು, ಕಾಲು ಸುಡುತ್ತ ಈ ಓಣಿಗೆ ಬಂದಳಂತೆ. "ಅಲ್ಲೆ ಕೂತವರು, ದೂರ ಹೊಂಟೀರಿ ಅಂತ ಕೇಳಿದ್ರು. ಚಪ್ಪಲಿ ಹುಡಕ್ಲಿಕ್ಕೆ ಹೊಂಟೇನಿ ಅಂದೆ. ಒಳಗ ಬಾವಿ ಕಟ್ಟಿ ಮ್ಯಾಲ ಕುಂದರ್ರಿ, ನಿಮ್ಮ ಮಗಾ ಚಪ್ಪಲಿ ತೊಗೊಂಡು ಬರ್ತಾನ ಅಂದ್ರು."

"ಅವ್ವಾ, ಇಲ್ಲೆ ಕನ್ನಡ ಮಾತಾಡವರು ಎಲ್ಲಿಂದ ಬಂದ್ರು?" ಎಂದೆ.

"ಇಷ್ಟು ದೊಡ್ಡ ಊರಾಗ ನಮ್ಮ ಕಡೆಯವರು ಒಬ್ಬರರೆ ಇರೂದಿಲ್ಲೇನು?" ಎಂದಳು. ಅವಳಿಗೆ ಅದರಲ್ಲಿ ಆಶ್ಚರ್ಯವೇ ಇರಲಿಲ್ಲ.

ಹೊರಗೆ ಬಂದೆವು. ಕುರ್ಚಿ ಅಲ್ಲೇ ಇತ್ತು, ಮುದುಕನೂ ಇದ್ದ. ಕುರ್ಚಿಗಳ ಕೂರುವ ಜಾಗಕ್ಕೆ ಒಣಹುಲ್ಲು ಹೆಣೆಯುವವನು. ಎದುರು ನಿಂತು, "ನಿಮಗ ಕನ್ನಡ ಬರ್ತದೇನ್ರಿ?" ಎಂದು ಕೇಳಿದೆ. ಅವನು ತಲೆಯೆತ್ತಿ ನೀಲಿ ಕಣ್ಣುಗಳಿಂದ ನೋಡಿದ, ಇಟಾಲಿಯನ್ನಿನಲ್ಲಿ ಏನೋ ಉದ್ದಕ್ಕೆ ಹೇಳಿದ, ಅವ್ವನ ಕಾಲಿನ ಚಪ್ಪಲಿ ನೋಡಿ ಬೊಚ್ಚುಬಾಯಿ ತೆರೆದು ನಕ್ಕ. ಅವ್ವ ನನ್ನ ತೋಳು ಹಿಡಿದು ಮೆಲ್ಲಗೆ, "ಇವರಲ್ಲಪಾ" ಎಂದಳು. "ಅವರಿಗೆ ತಲೀಗೆ ರುಮಾಲ ಇತ್ತು."

ಆ ಓಣಿಯಲ್ಲಿ ಬೇರೆ ಕುರ್ಚಿ ಇರಲಿಲ್ಲ, ಬೇರೆ ಮನುಷ್ಯರೂ ಇರಲಿಲ್ಲ. ಅವ್ವನ ಕೈ ಹಿಡಿದು ಎಳೆದುಕೊಂಡೇ ಹೊರಟೆ. ಯಾವ ದಾರಿಯಿಂದ ಬಸ್ಸಿನ ಹತ್ತಿರ ಬಂದೆವೋ ಇವತ್ತಿಗೂ ಹೇಳಲಾರೆ. ಬಸ್ಸು ಗುರುಗುಡುತ್ತ ನಿಂತಿತ್ತು, ಹತ್ತಿದ ಕೂಡಲೇ ಬಿಟ್ಟರು. ಗೈಡ್ ಹುಡುಗಿ ನನಗೆ ಏನೇನೋ ಅಂದಳು. ಅವ್ವ ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ನಾನು ಬಂದರು ಬರುವ ತನಕ ಹಿಂದಿನ ಗಾಜಿನಿಂದ ದಾರಿ ನೋಡುತ್ತಿದ್ದೆ, ಯಾಕೆಂದು ಕೇಳಬೇಡಿ.

ಊರಿಗೆ ಬಂದ ಮೇಲೆ ಇದನ್ನು ಯಾರಿಗೂ ಹೇಳಲಿಲ್ಲ. ಕೆಲವು ವರ್ಷಗಳ ನಂತರ ಬೆಳಗಾವಿಯಲ್ಲಿ ಪಾದ್ರಿಯೊಬ್ಬರ ಪರಿಚಯವಾಯಿತು. ರೋಮ್‌ನಲ್ಲಿ ಓದಿದವರು. ಹೀಗೇ ಮಾತಿಗೆ ಮಾತು ಬಂದು, ಇಟಾಲಿಯನ್ನಿನಲ್ಲಿ 'ದೂರ' ಎಂಬ ಪದವಿದೆಯೇ ಎಂದು ಕೇಳಿದೆ. ಇದೆ ಎಂದರು. ಕಷ್ಟ, ಕಠಿಣ ಎಂದು ಅರ್ಥವಂತೆ. ಬಿಸಿಲಲ್ಲಿ ಏದುಸಿರು ಬಿಡುತ್ತ ಬಂದವನನ್ನು ಕಂಡರೆ ಅಲ್ಲಿಯ ಮುದುಕರು, 'ದೂರಾ, ಏ?' ಎನ್ನುತ್ತಾರಂತೆ. ಬಹಳ ಕಷ್ಟ ಅಲ್ಲವೇ, ಎಂದಂತೆ. ಅವತ್ತು ರಾತ್ರಿ ನಾನು ಚೆನ್ನಾಗಿ ನಿದ್ದೆ ಮಾಡಿದೆ. ಮುದುಕ ಅಂದದ್ದು ಅಷ್ಟೇ. ಬರಿಗಾಲಿನ ಹೆಂಗಸು ಹೋದದ್ದನ್ನು ಕಂಡಿದ್ದ, ನನ್ನ ಕೈಯಲ್ಲಿ ಚಪ್ಪಲಿ ಕಂಡ, ಎಡಕ್ಕೆ ಕೈ ಮಾಡಿದ, ಅದು ನನ್ನ ಕಣ್ಣಂಚಿಗೆ ಬಿದ್ದಿರಬೇಕು. ಉಳಿದದ್ದನ್ನು ನನ್ನ ಗಾಬರಿಯ ತಲೆ ತಾನೇ ಕಟ್ಟಿಕೊಂಡಿತು.

ಆದರೆ ನಿದ್ದೆಯಿಂದ ಎದ್ದ ಮೇಲೆ ಒಂದು ಮಾತು ಚುಚ್ಚತೊಡಗಿತು. ನನ್ನ ತಲೆ ಕಟ್ಟಿಕೊಂಡ ಮಾತಾಗಿದ್ದರೆ ಅದು ನನ್ನ ಮನೆಯ ಮಾತಿನಂತೆ 'ಬಾವಿ ಅದ' ಎನ್ನಬೇಕಿತ್ತು, 'ಕೂತಾರ' ಎನ್ನಬೇಕಿತ್ತು. ಆ ದನಿ 'ಬಾವಿ ಐತಿ' ಎಂದಿತ್ತು, 'ಕುಂತಾರ' ಎಂದಿತ್ತು. ಮುನವಳ್ಳಿಯ ಕಡೆ ಹೊಲದ ಬದುವಿನಲ್ಲಿ ನಿಂತ ಒಕ್ಕಲಿಗ ಮಾತಾಡಿಸಿದಂತೆ. ಮತ್ತೆ ಅವ್ವ ಕಂಡ ರುಮಾಲು? ನಾನು ಹೇಳುವ ಮೊದಲೇ ಅವಳು ಹೇಳಿದ ಅದೇ ಮಾತು? ಇದನ್ನು ಪಾದ್ರಿಗಳಿಗೆ ಕೇಳಲಿಲ್ಲ. ಕೇಳಿದ್ದರೆ ಅವರು ನನ್ನ ಮುಖ ಸಣ್ಣದು ಮಾಡುತ್ತಿದ್ದರೋ ಏನೋ.

ಅವ್ವ ಇನ್ನೂ ಹಲವು ವರ್ಷ ಇದ್ದಳು. ಬೈಲಹೊಂಗಲದ ಮನೆಯಲ್ಲೇ, ಒಂದು ಮಧ್ಯಾಹ್ನ ಹೋದಳು. ನಾನೊಬ್ಬನೇ ಹತ್ತಿರವಿದ್ದೆ. ಬೆಳಗ್ಗೆಯಿಂದ ಮಾತು ನಿಂತಿತ್ತು. ಊಟದ ಹೊತ್ತು ಮೀರಿದ ಮೇಲೆ ಒಮ್ಮೆ ಕಣ್ಣು ತೆರೆದು ನನ್ನ ಭುಜದ ಮೇಲಿಂದ ಬಾಗಿಲ ಕಡೆ ನೋಡಿದಳು. ಯಾರೋ ಏನೋ ಕೇಳಿದರೆ ಕಿವಿಗೊಡುವವರಂತೆ ಸ್ವಲ್ಪ ತಡೆದು, ಸ್ಪಷ್ಟವಾಗಿ ಹೇಳಿದಳು:

"ಹೌದ್ರಿ. ಈ ಸಲಾ ದೂರ."

ನಾನು ತಿರುಗಿ ನೋಡಿದೆ. ಬಾಗಿಲು ಅರ್ಧ ತೆರೆದಿತ್ತು, ಹೊರಗೆ ಬಿಸಿಲಿತ್ತು. ಮತ್ತೆ ಇತ್ತ ತಿರುಗುವುದರೊಳಗೆ ಅವ್ವ ಇರಲಿಲ್ಲ.

ಕೇಳಿದವರು ಯಾರೆಂದು ನನಗೆ ಗೊತ್ತಿಲ್ಲ. ಅವತ್ತು ಆ ಓಣಿಯಲ್ಲಿ ನಾನು ದನಿ ಕೇಳಿದೆ, ಮುಖ ನೋಡಲಿಲ್ಲ. ಈಗ ವಯಸ್ಸಾಗಿದೆ. ಸಂಜೆ ಪೇಟೆಗೆಂದು ಹೊರಟಾಗ ಓಣಿಯ ಜನ ರೂಢಿಯಂತೆ, "ದೂರ ಹೊಂಟೀರಿ ಸರ್?" ಎಂದು ಮಾತಾಡಿಸುತ್ತಾರೆ. ನಾನು ಕೂಡಲೇ ಉತ್ತರ ಕೊಡುವುದಿಲ್ಲ. ಮೊದಲು ತಿರುಗಿ ಕೇಳಿದವರ ಮುಖ ನೋಡುತ್ತೇನೆ.