ಚಿಲಕದಕ್ಕ ಸಾಕಿದ ಗೂಬೆ

ಆ ಕ್ಲಿನಿಕ್ಕಿಗೆ ನಾಯಿ ತಂದವರು, ಬೆಕ್ಕು ತಂದವರು, ಮೊಲ, ಆಮೆ, ಗಿಳಿ, ಬಿಳಿ ಇಲಿ ತಂದವರು, ಎಲ್ಲರೂ ಅವಳನ್ನು ಚಿಲಕದಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಸಹಿ ಹಾಕುವಾಗ ಮಾತ್ರ ಅವಳಿಗೂ ನೆನಪಾಗುತ್ತಿತ್ತು. ಯಾವ ಪ್ರಾಣಿಯನ್ನೇ ಆಗಲಿ, ಪಂಜರದಿಂದ ಹೊರಗೆ ತೆಗೆಯುವ ಮೊದಲು ಅವಳು ಕೋಣೆಗೆ ಒಂದು ಸುತ್ತು ಹಾಕುತ್ತಿದ್ದಳು. ಕೈಯಿಂದ ಮುಟ್ಟಿ, ಅಲ್ಲಾಡಿಸಿ ನೋಡಿ, ಬಾಯಿಬಿಟ್ಟು ಹೇಳುತ್ತಿದ್ದಳು: "ಬಾಗಿಲ ಚಿಲಕ ಆಯ್ತು. ಕಿಟಕಿ ಚಿಲಕ ಆಯ್ತು. ಈಗ ಬಾರಪ್ಪ ರಾಜ." ರಾಜ ಒಂದು ಮುದಿ ಆಮೆಯಾಗಿದ್ದರೂ ಸರಿಯೇ, ಚಿಲಕ ತಪ್ಪುತ್ತಿರಲಿಲ್ಲ. "ಅಕ್ಕಾ, ಆಮೆ ಕಿಟಕಿ ಹಾರುತ್ತಾ?" ಎಂದು ಯಾರಾದರೂ ನಕ್ಕರೆ, "ಆಮೆ ಹಾರಲ್ಲ, ನನ್ನ ಕೈ ಅಭ್ಯಾಸ ಹಾರಿಹೋಗುತ್ತೆ" ಎನ್ನುತ್ತಿದ್ದಳು.

ಮದುವೆಯಾದ ಹೊಸದರಲ್ಲಿ ನೆಲ ಒರೆಸಲು ಬಂದವಳು ಅವಳು. ಒಂದು ದಿನ ಡಾಕ್ಟರ ಕೈ ಪರಚಿ ಬೀರುವಿನ ಮೇಲೆ ಹತ್ತಿ ಕುಳಿತ ಬೆಕ್ಕನ್ನು ಒರೆಸುವ ಬಟ್ಟೆಯಲ್ಲೇ ಸುತ್ತಿ, ತಲೆ ಮಾತ್ರ ಹೊರಗೆ ಬಿಟ್ಟು ಇಳಿಸಿದಳು. ಅಂದಿನಿಂದ ಡಾಕ್ಟರು ಅವಳನ್ನು ಮೇಜಿನ ಪಕ್ಕ ನಿಲ್ಲಿಸಿಕೊಂಡರು. ಹಲ್ಲು ಬಿಡುವ ನಾಯಿ, ಕೊಕ್ಕು ಬಿಡುವ ಗಿಳಿ, ಎಲ್ಲವೂ ಅವಳ ಕೈಗೆ ಬಂದರೆ ತಣ್ಣಗಾಗುತ್ತಿದ್ದವು. ತಣ್ಣಗಾಗದ್ದು ಅವಳೊಬ್ಬಳೇ. ಚಿಕ್ಕಂದಿನಲ್ಲಿ ಅಕ್ಕ ತನ್ನ ಪೆನ್ಸಿಲ್ ಮುರಿದದ್ದನ್ನು ಮೊನ್ನೆ ಮೊನ್ನೆ ಅಕ್ಕನ ಮಗಳ ಎದುರಿಗೆ ಎತ್ತಿ ಆಡಿದವಳು ಅವಳು. "ಮರೆತುಬಿಡೇ" ಅಂದರೆ, "ಮರೆಯೋಕೆ ನನಗೇನು ಅರಳುಮರಳಾ?" ಎಂದು ಕೇಳುವ ಪೈಕಿ.

ಇಂಥವಳ ತಲೆಯ ಮೇಲೆ ಗೂಬೆ ಕೂರಿಸಿದರು.

ಕೂರಿಸಿದವನು ಡಾಕ್ಟರ ಬಾಮೈದ, ಅಂದರೆ ಅವರ ಹೆಂಡತಿಯ ತಮ್ಮ. ಎಲ್ಲೂ ನಿಲ್ಲದ ಕೆಲಸ ಇಲ್ಲಾದರೂ ನಿಲ್ಲಲಿ ಎಂದು ಅಕ್ಕ ಅವನನ್ನು ಕ್ಲಿನಿಕ್ಕಿನ ಮ್ಯಾನೇಜರ್ ಮಾಡಿದ್ದಳು. ಬೋಳುತಲೆ ಮುಚ್ಚಲು ಬೇಸಿಗೆಯಲ್ಲೂ ಕೆಂಪು ಉಣ್ಣೆಟೋಪಿ ಹಾಕುತ್ತಿದ್ದ. ಪ್ರಾಣಿಗಳೆಂದರೆ ಅವನಿಗೆ ಮೈಯೆಲ್ಲ ಮುಳ್ಳು. ಮೊಲ ಸೀನಿದರೂ ಕುರ್ಚಿ ಹಿಂದಕ್ಕೆ ಸರಿಸುತ್ತಿದ್ದ.

ಆ ದಿನ ಸಂಗೀತದ ಟೀಚರಮ್ಮ ತಮ್ಮ ಜುಟ್ಟಿನ ಗಿಳಿಯನ್ನು, ಕಾಕಟೀಲ್ ಎನ್ನುತ್ತಾರಲ್ಲ, ಅದನ್ನು ಉಗುರು ಕತ್ತರಿಸಲು ತಂದಿದ್ದರು. ತೀರಿಹೋದ ಯಜಮಾನರು ಗೇಟಿನ ಹತ್ತಿರ ಬಂದಾಗ ಹಾಕುತ್ತಿದ್ದ ಸೀಟಿಯನ್ನು ಆ ಹಕ್ಕಿ ಅಚ್ಚು ಹೊಡೆದ ಹಾಗೆ ಹಾಕುತ್ತಿತ್ತು. ಅದಕ್ಕೇ ಟೀಚರಮ್ಮನಿಗೆ ಅದು ಬರೀ ಹಕ್ಕಿಯಲ್ಲ. ಚಿಲಕದಕ್ಕ ಹಕ್ಕಿಯ ಕೋಣೆಯಲ್ಲಿ ಚಿಲಕಗಳನ್ನು ಮುಟ್ಟಿ ಹೇಳಿದಳು, ಉಗುರು ಕತ್ತರಿಸಿದಳು, ಹೆದರಿದ ಜೀವ ಸುಧಾರಿಸಿಕೊಳ್ಳಲಿ ಎಂದು ಕಡ್ಡಿಯ ಮೇಲೆ ಕೂರಿಸಿದಳು. ಅಷ್ಟರಲ್ಲಿ ಡಾಕ್ಟರು ಪಕ್ಕದ ಕೋಣೆಯಿಂದ, "ಬೇಗ ಬಾಮ್ಮ, ಈ ಬೆಕ್ಕು ನನ್ನನ್ನ ಮುಗಿಸುತ್ತೆ!" ಎಂದು ಕೂಗಿದರು. ಓಡಿದಳು, ಬಾಗಿಲು ಎಳೆದುಕೊಂಡೇ ಓಡಿದಳು. ಬೆಕ್ಕಿಗೆ ಸೂಜಿ ಹಾಕಿಸಿ ಬರುವಷ್ಟರಲ್ಲಿ ಕಡ್ಡಿ ಖಾಲಿ, ಕಿಟಕಿ ಬಾಯಿ ತೆರೆದುಕೊಂಡಿತ್ತು, ಕೋಣೆಯಲ್ಲಿ ಸಿಗರೇಟಿನ ವಾಸನೆ.

ಅವಳು ಬಾಯಿ ತೆರೆಯುವ ಮೊದಲೇ ಬಾಮೈದ ಹೊರಗೆ ಕಾದಿದ್ದವರ ಮಧ್ಯೆ ನಿಂತು ದೊಡ್ಡ ದನಿಯಲ್ಲಿ ಶುರು ಮಾಡಿದ್ದ. "ಕಿಟಕಿ ಹಾಕೋದು ಮರೆತಿದ್ದಾಳೆ ಭಾವ! ನಾನೇ ಕಣ್ಣಾರೆ ನೋಡ್ದೆ, ಆಗ್ಲೇ ತೆಗೆದೇ ಇತ್ತು. ದೊಡ್ಡದಾಗಿ ಚಿಲಕ ಚಿಲಕ ಅಂತಾಳೆ!"

ಟೀಚರಮ್ಮ ಖಾಲಿ ಪಂಜರ ಎದೆಗೆ ಅವಚಿಕೊಂಡು, "ನನ್ನ ಮನೆ ಸದ್ದೇ ಇಲ್ಲದ ಹಾಗೆ ಮಾಡಿದ್ಯಲ್ಲೇ. ನಿನ್ನ ಕೈ ಸೇದಿಹೋಗ!" ಎಂದರು. ಚಿಲಕದಕ್ಕ ಸಿಗರೇಟಿನ ಮಾತೆತ್ತಿದಳು. ಯಾರು ಸೇದಿದ್ದು ಎಂದು ಅವಳು ಹೇಳಿಯೇ ಇರಲಿಲ್ಲ. "ನಾನು ಬಿಟ್ಟು ವರ್ಷ ಆಯ್ತು, ಬೇಕಾದ್ರೆ ಅಕ್ಕನ ಮೇಲೆ ಆಣೆ" ಎಂದ ಬಾಮೈದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ! ಅದು ಯಾರಿಗೂ ಕಾಣಲಿಲ್ಲ.

ಡಾಕ್ಟರು ಒಳ್ಳೆಯವರು. ಒಳ್ಳೆಯವರದೇ ತಾಪತ್ರಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. "ಹೋಗಲಿ ಬಿಡಮ್ಮ, ಮನುಷ್ಯರು ಅಂದಮೇಲೆ ಮರೀತಾರೆ. ನಾನು ಕ್ಷಮಿಸಿದೀನಿ. ಜನ ಮರೆಯೋವರೆಗೆ ಹಿಂದುಗಡೆ ಪಂಜರ ತೊಳೀತಾ ಇರು" ಎಂದರು. ಬೈದಿದ್ದರೆ ಎದುರು ಬೈಯಬಹುದಿತ್ತು. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಏನು ಮಾಡುವುದು? ನುಂಗಲಾರಳು, ಉಗುಳಲಾರಳು. ಹಿಂದಿನ ಕೋಣೆಯಲ್ಲಿ ಬ್ರಷ್ ಹಿಡಿದು ಪಂಜರದ ತಳ ಉಜ್ಜುವಾಗ, ಕೆಳಗಿರುವುದು ತಗಡಲ್ಲ, ಬಾಮೈದನ ಮುಖ ಎಂದುಕೊಂಡು ಉಜ್ಜುತ್ತಿದ್ದಳು. ಪಂಜರಗಳು ಹಿಂದೆಂದೂ ಅಷ್ಟು ಹೊಳೆದಿರಲಿಲ್ಲ.

ಮನೆಯಲ್ಲಿ ಗಂಡ, ಪಾಪ, ಬಸ್ಸು ಓಡಿಸಿ ಸುಸ್ತಾಗಿ ಬಂದವನು, ಕೈಕಾಲು ತೊಳೆದು ಕುಳಿತು, "ಅಲ್ಲಾ, ನಿಜವಾಗ್ಲೂ ಹಾಕಿದ್ಯಾ?" ಎಂದು ಕೇಳಿಬಿಟ್ಟ. ಅಷ್ಟೇ. ಆ ಒಂದು ಮಾತಿಗೆ ಅವಳು ವಾರಗಟ್ಟಲೆ ಅವನ ಜೊತೆ ಮಾತು ಬಿಟ್ಟಳು. ಅವನ ಮೇಲಿನ ಸಿಟ್ಟಿಗಿಂತ ಹೆಚ್ಚಾಗಿ, ಆ ಪ್ರಶ್ನೆ ಅವಳೊಳಗೇ ಹೊಕ್ಕು ಕುಳಿತಿತ್ತು. ಹಾಕಿದೆನಾ? ಬಾಯಿ ಹೇಳಿತು, ಸರಿ, ಕೈ ಮಾಡಿತಾ? ಬಾಮೈದ ಕಿಟಕಿ ತೆಗೆದದ್ದನ್ನು ಅವಳೇನೂ ಕಂಡಿರಲಿಲ್ಲವಲ್ಲ. ಈಗ ಮನೆ ಬಾಗಿಲು ಹಾಕಿ ಬೀದಿ ತುದಿಗೆ ಹೋದವಳು ತಿರುಗಿ ಬಂದು ಎಳೆದು ನೋಡುತ್ತಿದ್ದಳು. ಗ್ಯಾಸ್ ಆರಿಸಿದ ಮೇಲೂ ಮತ್ತೆ ಹೋಗಿ ಮುಟ್ಟುತ್ತಿದ್ದಳು. ಇಷ್ಟು ವರ್ಷ ತನ್ನದಾಗಿದ್ದ ಕೈಯನ್ನು ತಾನೇ ನಂಬದ ಹಾಗೆ ಮಾಡಿದ್ದ ಆ ಬೋಳುಮಂಡೆಯವನು. ಅದಕ್ಕೇ ಅವಳಿಗೆ ಅವನ ಕೆಲಸ ಹೋಗುವುದು ಬೇಕಿರಲಿಲ್ಲ, ಕಾಲು ಮುರಿಯುವುದೂ ಬೇಕಿರಲಿಲ್ಲ. ಅವನ ಬಾಯಿಂದಲೇ, ಅದೇ ಜನರ ಎದುರಿಗೆ, "ತೆಗೆದವನು ನಾನು" ಎಂದು ಬರಬೇಕಿತ್ತು.

ಅತ್ತೆ ಅವಳ ಪರ. ಬಟ್ಟೆ ಮಡಿಚುತ್ತ ಹಲ್ಲಿಲ್ಲದ ಬಾಯಲ್ಲಿ, "ನೀನು ಯಾಕೆ ಸೊರಗ್ತೀಯೆ? ಗೂಬೆ ಕೂರಿಸಿದವನ ತಲೆ ಮೇಲೇ ಗೂಬೆ ಬಂದು ಕೂರುತ್ತೆ, ನೋಡ್ತಿರು" ಎಂದರು.

"ಅತ್ತೆ, ಅದು ತಾನಾಗೇ ಬರಲ್ಲ. ಯಾರಾದ್ರೂ ಕೂರಿಸ್ಬೇಕು."

ಅತ್ತೆಯ ನಾಲಗೆಯಲ್ಲಿ ಏನಿತ್ತೋ, ಸ್ವಲ್ಪ ದಿನಕ್ಕೆ ಕ್ಲಿನಿಕ್ಕಿಗೆ ನಿಜವಾದ ಗೂಬೆಯೇ ಬಂತು. ಹಳೆ ಗೋದಾಮು ಕೆಡವುವಾಗ ಸೂರಿನಿಂದ ಬಿದ್ದ ಮರಿ. ಮೈ ಪೂರ್ತಿ ಹತ್ತಿ, ಅದರ ನಡುವೆ ಎರಡು ಕಣ್ಣು, ಒಂದು ರೆಕ್ಕೆ ಊದಿತ್ತು. ಬಾಮೈದ ಕೌಂಟರಿನ ಹಿಂದೆ ಹೋಗಿ ನಿಂತು, "ಅನಿಷ್ಟ! ಇದನ್ನೆಲ್ಲ ಒಳಗೆ ಸೇರಿಸಬೇಡಿ ಭಾವ!" ಎಂದ. "ರೆಕ್ಕೆ ಸರಿಹೋಗಿ ಹಾರಲಿ, ಕಾಡುಪ್ರಾಣಿ ನೋಡಿಕೊಳ್ಳೋರು ಬಂದು ಒಯ್ತಾರೆ" ಎಂದ ಡಾಕ್ಟರು, ಅದನ್ನು ಹಿಂದಿನ ಕೋಣೆಗೆ ಕಳಿಸಿದರು. ಅಂದರೆ, ಚಿಲಕದಕ್ಕನ ಕೈಗೆ.

ಮೊದಲ ದಿನ ಅವಳು ಅದಕ್ಕೆ ಮಾಂಸದ ಚೂರು ತಿನ್ನಿಸಿದಳು. ಮರುದಿನ ಅವಳ ಕಣ್ಣು ಬಾಗಿಲ ಹಿಂದಿನ ಮೊಳೆಗೆ ಬಿತ್ತು. ಅಲ್ಲಿ ಬಾಮೈದ ಅಂಚು ಹರಿದಿದೆ ಎಂದು ಬಿಟ್ಟುಹೋದ ಹಳೆಯ ಕೆಂಪು ಟೋಪಿ ನೇತಾಡುತ್ತಿತ್ತು. ಹೊಸದೂ ಅದೇ ಅಂಗಡಿಯದು, ಅದೇ ಬಣ್ಣ. ಚಿಲಕದಕ್ಕ ಆ ಟೋಪಿಯನ್ನು ನೋಡಿದಳು, ಗೂಬೆಯನ್ನು ನೋಡಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ನಗು ಬಂತು.

ಟೋಪಿಗೆ ಮರದ ಹೊಟ್ಟು ತುಂಬಿದಳು. ಪೊರಕೆಯ ಕೋಲಿಗೆ ಸಿಕ್ಕಿಸಿ ಆಳೆತ್ತರಕ್ಕೆ ನಿಲ್ಲಿಸಿದಳು. ಊಟ ಅಲ್ಲಿ ಮಾತ್ರ. ಮರಿ ಮೊದಮೊದಲು ಕೈ ಹಿಡಿದು ಹತ್ತಿಸಿದರೆ ಹತ್ತುತ್ತಿತ್ತು. ಆಮೇಲೆ ಸ್ಟೂಲಿನಿಂದ ಟೋಪಿಗೆ ನೆಗೆಯಿತು. ರೆಕ್ಕೆ ಬಲಿತಂತೆ ಕೋಣೆಯ ಆ ಮೂಲೆಯಿಂದ ಹಾರಿ ಬಂದು, ಟೋಪಿಯನ್ನು ಎರಡೂ ಕಾಲಲ್ಲಿ ಬಿಗಿಯಾಗಿ ಹಿಡಿದು, "ಕ್ರೀಂ" ಎಂದು ಬಾಯಿ ಕಳೆಯುತ್ತಿತ್ತು. "ಭೇಷ್ ನನ್ನ ಕಂದ. ಅದು ಯಾರ ತಲೆ ಗೊತ್ತಾ? ಮರೀಬೇಡ" ಎಂದು ಅವಳು ಚೂರು ಕೊಡುತ್ತಿದ್ದಳು. ಅತ್ತೆ ದಿನವೂ ಸಂಜೆ, "ನಮ್ಮ ಗೂಬೆ ಪಾಠ ಎಲ್ಲಿಗೆ ಬಂತು?" ಎಂದು ವಿಚಾರಿಸುತ್ತಿದ್ದರು. ಗಂಡ ಇಬ್ಬರ ಮುಖವನ್ನೂ ನೋಡಿ ತಟ್ಟೆ ಎಳೆದುಕೊಳ್ಳುತ್ತಿದ್ದ.

ಒಮ್ಮೊಮ್ಮೆ ಅನುಮಾನ ಬರುತ್ತಿತ್ತು. ಗೂಬೆ ಕುಳಿತೂ ಅವನು ಇಲ್ಲ ಎಂದರೆ? ಅವನು ನಿಜಕ್ಕೂ ತೆಗೆದೇ ಇಲ್ಲದಿದ್ದರೆ? ಆಗ ತಪ್ಪು ತನ್ನದೇ ಎಂದು ಊರಿಗೆಲ್ಲ ಡಂಗುರ ಹೊಡೆದ ಹಾಗೆ. ಆಡಿಕೊಳ್ಳುವವರ ಮುಂದೆ ಎಡವಿ ಬಿದ್ದ ಹಾಗೆ. ಆದರೆ ಗೂಬೆ ಒಯ್ಯುವವರು ಸೋಮವಾರ ಬರುತ್ತಾರೆಂದು ಡಾಕ್ಟರು ಹೇಳಿದರು. ಉಳಿದಿದ್ದು ಶನಿವಾರ.

ಶನಿವಾರವೆಂದರೆ ಕಾಯುವ ಕೋಣೆಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮೂಲೆಯ ಬೆಂಚಿನಲ್ಲಿ ಟೀಚರಮ್ಮ ಇದ್ದರು. ಹಕ್ಕಿ ಹೋದಂದಿನಿಂದ ಅವರು ಪ್ರತಿ ಶನಿವಾರ ಖಾಲಿ ಪಂಜರ ಹಿಡಿದು ಬರುತ್ತಿದ್ದರು, ಯಾರಾದರೂ ಹಿಡಿದು ತಂದಾರು ಎಂಬ ಆಸೆ. ಚಿಲಕದಕ್ಕ ಎದುರಾದರೆ ಮುಖ ತಿರುಗಿಸುತ್ತಿದ್ದರು. ಅವಳು ಬೆಳಗಿನಿಂದ ಗೂಬೆಗೆ ಊಟ ಕೊಟ್ಟಿರಲಿಲ್ಲ. ಮೊದಲು ರಸ್ತೆಯ ಕಡೆಯ ಬಾಗಿಲು, ಕಿಟಕಿಗಳನ್ನೆಲ್ಲ ಮುಟ್ಟಿ ಭದ್ರ ಮಾಡಿದಳು. ಬಾಮೈದ ಕೌಂಟರಿನಿಂದೆದ್ದು ಕೋಣೆಯ ನಡುವೆ ನಿಂತು ಯಾರಿಗೋ ಜೋರು ಮಾಡುತ್ತಿದ್ದ. ಅವಳು ಹಿಂದಿನ ಕೋಣೆಗೆ ಹೋಗಿ ಗೂಬೆಯ ಪಂಜರದ ಬಾಗಿಲು ತೆಗೆದಳು. ಕೋಣೆಯ ಬಾಗಿಲನ್ನೂ ತೆಗೆದಳು. ಬಾಯಿ ಅಭ್ಯಾಸಬಲದಿಂದ "ಚಿಲಕ" ಎನ್ನಹೋಯಿತು, ನುಂಗಿಕೊಂಡಳು.

ಗೂಬೆ ಹಾರಿದ ಸದ್ದೇ ಆಗಲಿಲ್ಲ. ಕೆಂಪು ಟೋಪಿ ಕಂಡಿತು, ಬಂದು ಕುಳಿತಿತು.

"ಅಯ್ಯಯ್ಯೋ!"

ನಾಯಿಗಳು ಬೊಗಳಿದವು, ಒಬ್ಬರು ಬೆಕ್ಕಿನ ಬುಟ್ಟಿಯ ಮೇಲೆ ಬಗ್ಗಿದರು. ಬಾಮೈದ ಕೈ ಎತ್ತಹೋದ. ಗೂಬೆ ಬಿಗಿ ಹಿಡಿಯಿತು, ಉಣ್ಣೆ ದಾಟಿ ಉಗುರು ನೆತ್ತಿಗೆ ಇಳಿಯಿತು. ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಚಿಲಕದಕ್ಕ ಮಾಂಸದ ಚೂರು ಮುಷ್ಟಿಯಲ್ಲಿ ಹಿಡಿದು ನಿಧಾನವಾಗಿ ಹೊರಗೆ ಬಂದಳು.

"ಅಲ್ಲಾಡಬೇಡಿ ಸಾರ್. ಅಲ್ಲಾಡಿದಷ್ಟೂ ಬಿಗಿ ಹಿಡಿಯುತ್ತೆ."

"ತೆಗಿಯೇ! ಮೊದ್ಲು ತೆಗಿ!"

"ಏನು ತೆಗೀಲಿ ಸಾರ್? ಕಿಟಕಿನಾ?"

ಟೀಚರಮ್ಮ ತಲೆ ಎತ್ತಿದರು. ಒಳಗಿನಿಂದ ಡಾಕ್ಟರು ಬಂದು ಬಾಗಿಲಲ್ಲಿ ನಿಂತರು.

"ಗೂಬೆ! ಗೂಬೆ ತೆಗಿ!"

"ನನ್ನ ತಲೆ ಮೇಲೂ ಒಂದು ಕೂತಿದೆ ಸಾರ್, ನೀವು ಕೂರಿಸಿದ್ದು. ಅದನ್ನ ನೀವು ತೆಗೀರಿ, ಇದನ್ನ ನಾನು ತೆಗೀತೀನಿ. ಅವತ್ತು ಹಕ್ಕಿ ಕೋಣೆ ಕಿಟಕಿ ತೆಗೆದೋರು ಯಾರು?"

ಅವನು ಕಣ್ಣನ್ನು ಮೇಲೆ ತಿರುಗಿಸಿದ. ಗೂಬೆ ಬಗ್ಗಿ, ತಲೆ ತಿರುಗಿಸಿ, ಅವನ ಕಣ್ಣೊಳಗೇ ನೋಡಿ "ಕ್ರೀಂ" ಎಂದಿತು. ಆ ಕ್ಷಣ ಚಿಲಕದಕ್ಕ ಗೂಬೆಗಿಂತ ಹೆಚ್ಚು ಹಸಿದಿದ್ದಳು.

"ನಾನೇ! ನಾನೇ ತೆಗ್ದೆ!" ಅವನು ಕಿರುಚಿದ. "ಸಿಗರೇಟ್ ಸೇದೋಕೆ ತೆಗ್ದೆ! ಚಿಲಕ ಹಾಕಿತ್ತು, ಬಿಗಿಯಾಗಿ ಹಾಕಿತ್ತು, ಗುದ್ದಿ ತೆಗ್ದೆ! ಹಕ್ಕಿ ಇದ್ದಿದ್ದು ನೋಡ್ಲಿಲ್ಲ, ಹಾರಿಹೋಯ್ತು! ತೆಗಿಯೇ ತಾಯಿ!"

ಚಿಲಕ ಹಾಕಿತ್ತು. ಬಿಗಿಯಾಗಿ ಹಾಕಿತ್ತು. ಚಿಲಕದಕ್ಕ ತನ್ನ ಬಲಗೈಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಮುಷ್ಟಿ ಬಿಚ್ಚಿ ಮಾಂಸ ತೋರಿಸಿದಳು. ಗೂಬೆ ಟೋಪಿ ಬಿಟ್ಟು ಅವಳ ಮಣಿಕಟ್ಟಿಗೆ ಬಂದಿತು. ಬಾಮೈದ ಅಲ್ಲೇ ಕುಸಿದು ಕುಳಿತ. ಅವನ ಪಾಡು ನೋಡಿ ಅಯ್ಯೋ ಎನಿಸಬೇಕಿತ್ತು. ಎನಿಸಲಿಲ್ಲ. ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು.

ಟೀಚರಮ್ಮ ಎದ್ದು ಬಂದರು. "ನಿನಗೆ ಕೆಟ್ಟ ಮಾತಾಡಿದೆನಲ್ಲಮ್ಮ. ಆ ಶಾಪ ವಾಪಸ್ ತಗೋತೀನಿ."

"ವಾಪಸ್ ಯಾಕೆ ಟೀಚರಮ್ಮ? ವಿಳಾಸ ತಪ್ಪಿತ್ತು, ಅಷ್ಟೇ. ಸರಿಯಾದ ಮನೆಗೆ ಕಳಿಸಿ."

ಟೀಚರಮ್ಮ ಕುಸಿದಿದ್ದವನ ಕಡೆ ತಿರುಗಿದರು. ಅವರು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ. ಸಂಗೀತದವರ ಬಾಯಲ್ಲಿ ಅಷ್ಟೊಂದು ಇರುತ್ತದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಡಾಕ್ಟರು ಮಾತ್ರ ಇನ್ನೂ ಬಾಗಿಲಲ್ಲೇ ಇದ್ದರು. ಬಾಮೈದನನ್ನು ನೋಡಿದರು, ಅವನ ನೆತ್ತಿಯಿಂದ ಇಳಿಯುತ್ತಿದ್ದ ರಕ್ತದ ಗೆರೆ ನೋಡಿದರು, ಹಿಂದಿನ ಕೋಣೆಯ ತೆರೆದ ಬಾಗಿಲು ನೋಡಿದರು. ಆಮೇಲೆ ಕೇಳಿದರು, "ಆದ್ರೂ... ಆ ಗೂಬೆ ಪಂಜರ ತೆಗೆದೋರು ಯಾರು?"

"ನಾನೇ ಡಾಕ್ಟ್ರೇ" ಎಂದಳು ಚಿಲಕದಕ್ಕ. "ಬೇಕು ಅಂತಲೇ ತೆಗೆದೆ. ನೋಡಿ, ಹೇಳೋಕೆ ಎಷ್ಟು ಹೊತ್ತು ಬೇಕಾಯ್ತು?"