ತಿರುಗಿ ಬಂದ ಅಂಚೆಗೆ ದಾರಿ ಬಿಡಿಸುವವರು

ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ಅಂಚೆಯಕ್ಕ ಒಂದು ಕೈಯಲ್ಲಿ ಹಾಲಿನ ಪಾತ್ರೆಯಲ್ಲಿ ಸೌಟು ಆಡಿಸುತ್ತ, ಇನ್ನೊಂದು ಕೈಯಲ್ಲಿ ಅಡುಗೆಮನೆಯ ಮೇಜಿನ ಮೇಲಿರುವ ಲ್ಯಾಪ್‌ಟಾಪಿನ ಕೀಲಿ ಒತ್ತುತ್ತಿದ್ದಾರೆ. ತಮ್ಮ ಕಂಪನಿಯ ಸರ್ವರುಗಳು ಕಪ್ಪುಪಟ್ಟಿಗೆ ಸೇರಿವೆಯೇ ಎಂದು ನೋಡುವುದು ಇವರ ದಿನದ ಮೊದಲ ಕೆಲಸ.

ಪಕ್ಕದ ಕೋಣೆಯಿಂದ ಅತ್ತೆಯ ದನಿ: "ಇವತ್ತು ಯಾರಿಗಮ್ಮಾ ಬಹಿಷ್ಕಾರ?"

"ನಮಗೇ, ಅತ್ತೆ."

ಹಾಲು ಉಕ್ಕುತ್ತದೆ.

ಅಂಚೆಯಕ್ಕ ಎಂಬುದು ಗಿರಾಕಿಗಳು ಇಟ್ಟ ಹೆಸರು. ಸಣ್ಣ ವ್ಯಾಪಾರಿಗಳ ವೆಬ್‌ಸೈಟುಗಳಿಗೆ ಜಾಗ ಬಾಡಿಗೆ ಕೊಡುವ ಕಂಪನಿಯಲ್ಲಿ ಇವರು ಇಮೇಲಿನ ದೂರು ನೋಡಿಕೊಳ್ಳುತ್ತಾರೆ. ಒಂದು ಸರ್ವರಿನಲ್ಲಿ ನೂರಾರು ಸೈಟು. ವಠಾರವಿದ್ದಂತೆ, ಎಲ್ಲರಿಗೂ ಒಂದೇ ಹೆಬ್ಬಾಗಿಲು. ಒಳಗಿನ ಯಾರೋ ಬೇಡದ ಪತ್ರಗಳನ್ನು ಕಳಿಸಿದರೆ, ಕಪ್ಪುಪಟ್ಟಿ ಕಾಯುವ ಹೊರಗಿನ ಸಂಸ್ಥೆಯವರು ಆ ಬಾಗಿಲಿನ ನಂಬರನ್ನೇ ಬರೆದುಕೊಳ್ಳುತ್ತಾರೆ. ಆಮೇಲೆ ಆ ವಠಾರದ ಯಾರ ಪತ್ರ ಹೋದರೂ ಹೊಸ್ತಿಲಿನಿಂದಲೇ ವಾಪಸ್ಸು.

ಹಾಗೆಂದು ಪಟ್ಟಿಯ ಮೇಲೆ ಇವರಿಗೆ ಸಿಟ್ಟಿಲ್ಲ. "ಅವರು ಕಾಯದೆ ಇದ್ದಿದ್ರೆ ನಮ್ಮತ್ತೆ ಇಷ್ಟು ಹೊತ್ತಿಗೆ ಹತ್ತು ಲಾಟರಿ ಗೆದ್ದು ಮನೆ ಕಳ್ಕೊಂಡಿರೋರು," ಎಂದು ನಗುತ್ತಾರೆ. "ಅವರ ಪುಣ್ಯದಿಂದ ನಾವೆಲ್ಲ ನೆಮ್ಮದಿಯಾಗಿದ್ದೀವಿ. ಅವರಿಗೂ ಯಾರೂ ಥ್ಯಾಂಕ್ಸ್ ಹೇಳಲ್ಲ."

ಮೊದಲು ಟೆಲಿಫೋನ್ ಕಂಪನಿಯೊಂದರ ದೂರು ವಿಭಾಗದಲ್ಲಿದ್ದರು. ಬೈಗುಳಕ್ಕೆ ಕಿವಿ ಹದವಾದದ್ದು ಅಲ್ಲಿಯೇ. ಅತ್ತೆ ಹಾಸಿಗೆ ಹಿಡಿದ ಮೇಲೆ ಮನೆಯಿಂದಲೇ ಮಾಡುವ ಈ ಕೆಲಸಕ್ಕೆ ಬಂದರು. ದಿನಕ್ಕೆ ನಲವತ್ತೋ ಐವತ್ತೋ ದೂರು. ಬಹುಪಾಲು ಜನ "ನಮ್ಮ ಮೇಲೇ ಯಾಕೆ?" ಎಂದೇ ಶುರು ಮಾಡುತ್ತಾರೆ.

ಈ ಬೆಳಗಿನ ಮೊದಲ ಫೋನು ಬೂಟು ಹೊಲಿಯುವ ಒಬ್ಬ ಹೆಂಗಸಿನದು. ಎರಡು ಕಾಲು ಎರಡು ಅಳತೆಯಾಗಿರುವವರಿಗೆ ಆಕೆ ಬೂಟು ಮಾಡಿಕೊಡುತ್ತಾರೆ. ಗಿರಾಕಿಗಳು ಹಾಳೆಯ ಮೇಲೆ ಪಾದ ಊರಿ, ಸುತ್ತ ಗೆರೆ ಎಳೆದು, ಫೋಟೊ ತೆಗೆದು ಸೈಟಿನ ಮೂಲಕ ಕಳಿಸಬೇಕು. ಒಂದು ಪುಟ್ಟ ಹುಡುಗಿಯ ಫೋಟೊದಲ್ಲಿ ಹಿಮ್ಮಡಿಯೇ ಬಂದಿಲ್ಲ. ಇನ್ನೊಂದು ಕಳಿಸಿ ಎಂದು ತಾಯಿಗೆ ಬರೆದ ಪತ್ರ ತಿರುಗಿ ಬಂದಿದೆ. ಫೋನ್ ನಂಬರನ್ನು ಸೈಟು ಕೇಳಿಯೇ ಇಲ್ಲ. ಮುಂದಿನ ವಾರ ಮಗು ಮೊದಲ ಸಲ ಶಾಲೆಗೆ ಹೋಗಬೇಕು.

"ಆ ತಾಯಿ ಏನಂದ್ಕೋತಾಳೆ ಹೇಳಿ? ಹೋಗ್ಲಿಲ್ಲ ಅಂತ ಮತ್ತೆ ಮತ್ತೆ ಕಳಿಸ್ದೆ."

"ಅಯ್ಯೋ, ಅದೊಂದು ನಿಲ್ಸಿ ಅಕ್ಕಾ. ಕೆಸರಲ್ಲಿ ಕಾಲು ಕಿತ್ತಷ್ಟೂ ಹೂತುಹೋಗತ್ತೆ."

ಹುಡುಕುತ್ತ ಹೋದರೆ ಬೇರು ಸಿಗುವುದು ಆಕೆಯ ಸೈಟಿನಲ್ಲೇ. ಅಂಗಡಿ ತೆರೆದು ಹದಿನೈದು ವರ್ಷವಾಯಿತೆಂಬ ಸಂಭ್ರಮಕ್ಕೆ ಆಕೆ ಹಳೆಯ ಗಿರಾಕಿಗಳಿಗೆಲ್ಲ ವಂದನೆಯ ಪತ್ರ ಕಳಿಸಿದ್ದಾರೆ. ಯಾರೂ ಬಳಸದೆ ಬಿಟ್ಟ ವಿಳಾಸಗಳಲ್ಲಿ ಕೆಲವನ್ನು ಪಟ್ಟಿ ಕಾಯುವವರು ಬಲೆಯಾಗಿ ಒಡ್ಡಿರುತ್ತಾರೆ. ಅಲ್ಲಿಗೆ ಪತ್ರ ಬಂದರೆ, ಕಳಿಸಿದವರು ಕಂಡಕಂಡವರಿಗೆ ಕಳಿಸುವವರು ಎಂದು ಲೆಕ್ಕ. ಆಕೆಯ ವಂದನೆ ಅಂಥದೊಂದು ಬಲೆಗೆ ಬಿದ್ದಿದೆ. ಯಾವ ವಿಳಾಸ ಬಲೆ ಎಂದು ಮಾತ್ರ ಅವರು ಹೇಳುವುದಿಲ್ಲ.

ಮೇಲಧಿಕಾರಿಗೆ ಅಷ್ಟು ಸಾಕು. "ಆ ಬೂಟಿನ ಸೈಟ್ ಕಿತ್ತುಹಾಕಮ್ಮ. ಉಳಿದವರ ಬೈಗುಳ ತಪ್ಪತ್ತೆ."

"ನೆಗಡಿ ಬಂತು ಅಂತ ಮೂಗು ಕೊಯ್ಯೋದು ಬೇಡ ಸರ್. ಸಂಜೆವರೆಗೂ ಟೈಮ್ ಕೊಡಿ."

"ಸಂಜೆವರೆಗೆ ನೂರು ಜನಕ್ಕೆ ಯಾರು ಉತ್ತರ ಕೊಡ್ತಾರೆ?"

"ನಾನೇ. ದಿನಾ ಕೊಡ್ತಿರೋದೂ ನಾನೇ ಅಲ್ವಾ?"

ಬೂಟಿನಾಕೆಗೆ ಮತ್ತೆ ಫೋನು. ವರ್ಷಗಳಿಂದ ಮಾತೇ ಆಡದ ಗಿರಾಕಿಗಳ ವಿಳಾಸವನ್ನೆಲ್ಲ ತೆಗೆಯಬೇಕು. ಆಕೆ ವಿಳಾಸಗಳನ್ನು ಒಂದೊಂದಾಗಿ ನೋಡುತ್ತ ಹೋಗುತ್ತಾರೆ.

"ಅದರಲ್ಲಿ ನನ್ನ ಮೊದಲನೇ ಗಿರಾಕಿ ಇದ್ದಾರೆ. ತೀರಿಕೊಂಡ್ರು ಅಂತ ಗೊತ್ತು. ಆದ್ರೂ ಪ್ರತಿ ಸಲ ಕಳಿಸ್ತೀನಿ."

ಅಂಚೆಯಕ್ಕ ಅವಸರ ಮಾಡುವುದಿಲ್ಲ. "ಅವರ ಹೆಸರು ನಿಮ್ಮ ಹತ್ರಾನೇ ಇರ್ಲಿ ಅಕ್ಕಾ. ಅದನ್ನ ಯಾರೂ ಕೇಳ್ತಿಲ್ಲ. ಪತ್ರ ಕಳಿಸೋದು ಮಾತ್ರ ಬಿಡಿ."

"ಸರಿ," ಎನ್ನುತ್ತಾರೆ ಆಕೆ. ಸ್ವಲ್ಪ ಹೊತ್ತಾದ ಮೇಲೆ, "ತೆಗೆದೆ."

ಈಗ ಪಟ್ಟಿ ಕಾಯುವವರಿಗೆ ಅರ್ಜಿ. ಅನೇಕರು ತಪ್ಪುವುದು ಇಲ್ಲಿಯೇ. ಮೊದಲು ಅರ್ಜಿ ಹಾಕಿ, ಆಮೇಲೆ ಕಾರಣ ಹುಡುಕುತ್ತಾರೆ. "ನಲ್ಲಿ ನಿಲ್ಲಿಸದೆ ನೆಲ ಒರೆಸಿದ ಹಾಗೆ. ಮತ್ತೆ ಪಟ್ಟಿಗೆ ಸೇರಿಸ್ತಾರೆ, ಎರಡನೇ ಸಲ ಬೇಗ ಬಿಡಲ್ಲ." ಏನಾಯಿತು, ಏನು ಸರಿಪಡಿಸಿದೆವು ಎಂದು ಅಂಚೆಯಕ್ಕ ನಾಲ್ಕು ಸಾಲು ಬರೆಯುತ್ತಾರೆ. ನೆಪ ಹೇಳುವುದಿಲ್ಲ. ಕೊನೆಗೆ ಒಂದು ಕೃತಜ್ಞತೆಯ ಸಾಲು, ಎಂದಿನಂತೆ.

ಆಮೇಲೆ ಕಾಯುವುದು. ಅತ್ತೆಗೆ ಗಂಜಿ ಕುಡಿಸುತ್ತ, ಒಂದೊಂದೇ ಬೈಗುಳಕ್ಕೆ ಉತ್ತರಿಸುತ್ತ ಕಾಯುತ್ತಾರೆ. "ನಿನಗ್ಯಾಕೆ ಅವರಿವರ ಬೂಟಿನ ಉಸಾಬರಿ?" ಎಂದು ಅತ್ತೆ ಗದರುತ್ತಾರೆ. ಅರ್ಧ ಗಂಟೆಗೊಮ್ಮೆ, "ಬಿಟ್ರಾ?" ಎಂದು ಕೇಳುವವರೂ ಅವರೇ.

ಹೊತ್ತು ಇಳಿಯುವ ಮೊದಲು ಸರ್ವರಿನ ನಂಬರು ಕಪ್ಪುಪಟ್ಟಿಯಿಂದ ಹೊರಬರುತ್ತದೆ. ಹುಡುಗಿಯ ತಾಯಿಗೆ ಬರೆದ ಪತ್ರ ಹೋಗುತ್ತದೆ. ಮರುದಿನ ಬೆಳಗ್ಗೆ ಉತ್ತರ: ಹಾಳೆಯ ಮೇಲೆ ಎರಡು ಪುಟ್ಟ ಪಾದ, ಹಿಮ್ಮಡಿ ಸಮೇತ. "ನೀವು ಮರೆತೇಬಿಟ್ರಿ ಅಂದ್ಕೊಂಡಿದ್ದೆ" ಎಂದು ತಾಯಿ ಬರೆದಿದ್ದಾರೆ. ಬೂಟಿನಾಕೆ ಆಗಲೇ ಚರ್ಮ ಕತ್ತರಿಸಲು ಕೂತಿದ್ದಾರೆ. ಶಾಲೆಯ ಹೊತ್ತಿಗೆ ಆಗುತ್ತದಂತೆ.

ಆಕೆ ಅಂಚೆಯಕ್ಕನಿಗೂ ಬರೆಯುತ್ತಾರೆ: ನಿಮ್ಮ ಪಾದದ ಅಳತೆ ಕಳಿಸಿ, ಋಣ ತೀರಿಸೋಕಲ್ಲ, ಪ್ರೀತಿಗೆ ಒಂದು ಜೊತೆ ಹೊಲಿಯುತ್ತೇನೆ.

ಅಂಚೆಯಕ್ಕ ಓದಿ, ಕಾಲು ಮುಂದೆ ಚಾಚಿ ನೋಡಿಕೊಳ್ಳುತ್ತಾರೆ. ಉತ್ತರ ಚಿಕ್ಕದು: "ನನ್ನ ಪಾದ ಎರಡೂ ಒಂದೇ ಅಳತೆ ಅಕ್ಕಾ. ಅಂಗಡೀಲೇ ಸಿಗತ್ತೆ. ಆ ಹೊತ್ತಲ್ಲಿ ಇನ್ನೊಂದು ಮಗುಗೆ ಹೊಲೀರಿ."

ಕಳಿಸಿ, ಪತ್ರ ತಲುಪಿತೇ ಎಂದು ನೋಡುತ್ತಾರೆ. ತಲುಪಿದೆ.